ಗಡ್ಡೆಗೆ ದಾರಿ ಹುಡುಕುವ ಮೊದಲು ಗಡ್ಡೆಯ ಕಥೆ ಕೇಳಿ

ಪುಣೆ ಬಳಿಯ ನಿಗಡಿಯ ಪ್ರಾಧಿಕರಣದಲ್ಲಿ ನಮ್ಮ ಮನೆಯಿಂದ ಎರಡು ಗಲ್ಲಿ ಆಚೆ ಇಂಡಿ ಕಡೆಯ ಒಂದು ಕುಟುಂಬವಿದೆ. ಮಗನಿಗೆ ಚಾಕಣದ ಕಾರ್ಖಾನೆಯಲ್ಲಿ ಕೆಲಸ. ಊರಲ್ಲಿದ್ದ ತಾಯಿಗೆ ಸೊಂಟದ ಬಳಿ ನೋವೆಂದು ಇಲ್ಲಿಗೆ ಕರೆತಂದಿದ್ದ. ಕಿಡ್ನಿಯಲ್ಲಿ ಹರಳಿರಬಹುದೆಂದು ಸ್ಕ್ಯಾನ್ ಮಾಡಿಸಿದರು. ಹರಳು ಸಿಗಲಿಲ್ಲ, ಬಲ ಮೂತ್ರಪಿಂಡದ ನೆತ್ತಿಯ ಮೇಲೆ 3.5 ಸೆಂಟಿಮೀಟರಿನ ಒಂದು ಗಡ್ಡೆ ಸಿಕ್ಕಿತು. ಅಂದು ಸಂಜೆಯೇ ಆತ ರಿಪೋರ್ಟ್ ಹಿಡಿದು ನಮ್ಮ ಮನೆಗೆ ಬಂದ. ಆರೋಗ್ಯದ ಬಗ್ಗೆ ಬರೆಯುವವನು ಎಂಬ ಕಾರಣಕ್ಕೆ ಊರ ಕಡೆಯವರು ಇಂಥ ಕಾಗದಗಳನ್ನು ನನ್ನ ಮುಂದೆ ಹರವುವುದುಂಟು.

"ಸರ್, ಅಡ್ರಿನಲ್ ಅಂತ ಬರದಾರ. ಕ್ಯಾನ್ಸರ್ ಏನ್ರಿ? ದುರ್ಬೀನ ಆಪರೇಶನ್ ಮಾಡಸೂದೋ, ರೋಬೋಟ್ ಆಪರೇಶನ್ ಮಾಡಸೂದೋ? ಯಾವುದು ಚಲೋ?"

ಕೊನೆಗೆ ಕೇಳಬೇಕಾದ ಪ್ರಶ್ನೆಯನ್ನು ಆತ ಮೊದಲಿಗೇ ಕೇಳಿದ್ದ. ತಪ್ಪು ಅವನದಲ್ಲ. ಪುಣೆ–ಮುಂಬೈ ಹೆದ್ದಾರಿಯ ಉದ್ದಕ್ಕೂ ನಿಂತಿರುವ ಆಸ್ಪತ್ರೆಗಳ ಫಲಕಗಳು ನಮಗೆ ಕಲಿಸಿರುವುದು ಇದನ್ನೇ: ಸಣ್ಣ ರಂಧ್ರ, ಕಡಿಮೆ ನೋವು, ಬೇಗ ಮನೆಗೆ. ಅಡ್ರಿನಲ್ ಗಡ್ಡೆಯ ಮಟ್ಟಿಗೆ ಮಾತ್ರ ಯಾವ ದಾರಿಯಿಂದ ಹೋಗಬೇಕು ಎನ್ನುವುದು ನಾಲ್ಕನೆಯದೋ ಐದನೆಯದೋ ಪ್ರಶ್ನೆ. ಅದರ ಹಿಂದಿನವಕ್ಕೆ ಉತ್ತರ ಸಿಗದೆ ಇದಕ್ಕೆ ಉತ್ತರವಿಲ್ಲ. ಹಾಗೇ ಮುಂದೆ ಹೋದರೆ ಪ್ರಾಣಕ್ಕೇ ಕುತ್ತು ಬಂದೀತು.

ಐದು ಗ್ರಾಮಿನ ಗ್ರಂಥಿ

ಎರಡು ಮೂತ್ರಪಿಂಡಗಳ ಮೇಲೆ ಟೊಪ್ಪಿಗೆ ಇಟ್ಟಂತೆ ಒಂದೊಂದು ಅಡ್ರಿನಲ್ ಗ್ರಂಥಿ ಕೂತಿರುತ್ತದೆ. ಒಂದೊಂದರ ತೂಕ 4ರಿಂದ 5 ಗ್ರಾಂ. ಇಟಲಿಯ ಅಂಗರಚನಾ ತಜ್ಞ ಬಾರ್ತಲೊಮಿಯೊ ಯುಸ್ಟಾಕಿ 16ನೆಯ ಶತಮಾನದಲ್ಲೇ ಇವನ್ನು ಗುರುತಿಸಿದ್ದ. ಇವುಗಳ ಕೆಲಸ ಏನೆಂಬುದು ಮಾತ್ರ ಮುಂದೆ ಮೂರು ಶತಮಾನ ಯಾರಿಗೂ ತಿಳಿಯಲಿಲ್ಲ. 1855ರಲ್ಲಿ ಲಂಡನ್ನಿನ ವೈದ್ಯ ಥಾಮಸ್ ಅಡಿಸನ್, ಈ ಗ್ರಂಥಿಗಳು ಹಾಳಾದರೆ ಮನುಷ್ಯ ಕಪ್ಪಿಟ್ಟು, ಸೊರಗಿ, ಸಾಯುತ್ತಾನೆ ಎಂದು ಬರೆದ. ಮರುವರ್ಷವೇ ಬ್ರೌನ್ ಸೆಕಾರ್ ಎಂಬ ವಿಜ್ಞಾನಿ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ಇವೆರಡನ್ನೂ ತೆಗೆದರೆ ಜೀವ ಉಳಿಯುವುದಿಲ್ಲ ಎಂದು ತೋರಿಸಿದ.

ಈ ಗ್ರಂಥಿಗೆ ಎರಡು ಭಾಗ, ಹೊರಗಿನ ತೊಗಟೆ ಮತ್ತು ಒಳಗಿನ ತಿರುಳು. ತೊಗಟೆಯಲ್ಲಿ ಮೈಯ ಉಪ್ಪನ್ನೂ ನೀರನ್ನೂ ಕಾಯುವ ಆಲ್ಡೋಸ್ಟಿರಾನ್, ಒತ್ತಡ ಮತ್ತು ಸಕ್ಕರೆಯ ವ್ಯವಹಾರ ನೋಡಿಕೊಳ್ಳುವ ಕಾರ್ಟಿಸಾಲ್, ಸ್ವಲ್ಪ ಗಂಡು ಹಾರ್ಮೋನು ತಯಾರಾಗುತ್ತವೆ. ತಿರುಳಿನಲ್ಲಿ ತಯಾರಾಗುವುದು ಅಡ್ರಿನಲಿನ್ ಮತ್ತು ಅದರ ಸೋದರ ನಾರ್ ಅಡ್ರಿನಲಿನ್. ಹಾವು ಕಂಡಾಗ ಎದೆ ಡವಡವ ಹೊಡೆದುಕೊಂಡು ಕಾಲು ತಾನಾಗಿ ಓಡತೊಡಗುವುದು ಇವುಗಳ ದೆಸೆಯಿಂದ. ಗಡ್ಡೆ ಯಾವ ಭಾಗದಲ್ಲಿ ಹುಟ್ಟಿದೆ, ಹುಟ್ಟಿ ಏನನ್ನು ಸುರಿಸುತ್ತಿದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಗಡ್ಡೆ ಏನು ಸುರಿಸುತ್ತಿದೆ?

ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡಿದಾಗ ಅಚಾನಕ್ಕಾಗಿ ಕಾಣುವ ಅಡ್ರಿನಲ್ ಗಡ್ಡೆಗಳು ಈಗ ಸಾಮಾನ್ಯ. ವಯಸ್ಕರಲ್ಲಿ ನೂರು ಜನರ ಹೊಟ್ಟೆಯ ಸಿಟಿ ಸ್ಕ್ಯಾನ್ ಮಾಡಿದರೆ ಸುಮಾರು ಒಬ್ಬರಿಂದ ನಾಲ್ವರಲ್ಲಿ ಇವು ಕಾಣುತ್ತವೆ, ವಯಸ್ಸಾದಂತೆ ಇನ್ನೂ ಹೆಚ್ಚು. ಬಹುಪಾಲು ಗಡ್ಡೆಗಳು ಏನನ್ನೂ ಸುರಿಸದೆ, ಎಲ್ಲಿಗೂ ಹರಡದೆ ತಮ್ಮ ಪಾಡಿಗೆ ಇರುವಂಥವು.

ಗಡ್ಡೆಯ ಸ್ವಭಾವದ ಮೊದಲ ಸುಳಿವನ್ನು ಕೊಡುವುದು ಸಿಟಿ ಸ್ಕ್ಯಾನ್. ಅಂಗಾಂಶ ಎಷ್ಟು ದಟ್ಟವಾಗಿದೆ ಎಂಬುದನ್ನು ಅದು ಹೌನ್ಸ್‌ಫೀಲ್ಡ್ ಎಂಬ ಅಳತೆಯಲ್ಲಿ ಹೇಳುತ್ತದೆ. ಸಿಟಿ ಸ್ಕ್ಯಾನ್ ಯಂತ್ರ ಕಟ್ಟಿ 1979ರಲ್ಲಿ ನೊಬೆಲ್ ಪಡೆದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಹೆಸರೇ ಈ ಅಳತೆಗೂ ಬಂದಿದೆ. ನೀರಿಗೆ ಇಲ್ಲಿ ಸೊನ್ನೆ ಅಂಕ, ಕೊಬ್ಬಿನದು ಸೊನ್ನೆಗಿಂತ ಕೆಳಗೆ. ಬಣ್ಣದ ದ್ರಾವಣ ಕೊಡದೆ ತೆಗೆದ ಚಿತ್ರದಲ್ಲಿ ಗಡ್ಡೆ ಒಂದೇ ಸಮನಾಗಿದ್ದು ಅಂಕ 10 ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಅದು ಕೊಬ್ಬು ತುಂಬಿದ ಸಾಧು ಗಡ್ಡೆ ಎಂದು ವೈದ್ಯರು ಧೈರ್ಯವಾಗಿ ಹೇಳಬಲ್ಲರು. ಅಂಕ ಅದಕ್ಕಿಂತ ಮೇಲಿದ್ದರೆ, ಅಂಚು ಒರಟಾಗಿದ್ದರೆ, ಗಾತ್ರ 4 ಸೆಂಟಿಮೀಟರ್ ದಾಟಿದ್ದರೆ ಅನುಮಾನ ಏಳುತ್ತದೆ. 6 ಸೆಂಟಿಮೀಟರ್ ದಾಟಿದ ದಟ್ಟ ಗಡ್ಡೆಯನ್ನು ಕ್ಯಾನ್ಸರ್ ಇರಬಹುದೆಂಬ ಎಚ್ಚರದಲ್ಲೇ ನೋಡಬೇಕು. ಅಡ್ರಿನಲ್ ತೊಗಟೆಯ ಕ್ಯಾನ್ಸರ್ ತೀರ ಅಪರೂಪ, ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುವಂಥದ್ದು. ಬಂದಾಗ ಮಾತ್ರ ಬಹಳ ಉಗ್ರ.

ಚಿತ್ರದ ನಂತರ ರಕ್ತ ಮತ್ತು ಮೂತ್ರದ ಪರೀಕ್ಷೆ. ಕಾರ್ಟಿಸಾಲ್ ಹೆಚ್ಚಾಗಿದೆಯೇ ಎಂದು ತಿಳಿಯಲು ರಾತ್ರಿ 1 ಮಿಲಿಗ್ರಾಂ ಡೆಕ್ಸಾಮೆಥಸೋನ್ ಮಾತ್ರೆ ಕೊಟ್ಟು ಬೆಳಿಗ್ಗೆ ರಕ್ತ ತೆಗೆಯುತ್ತಾರೆ. ಸರಿಯಾದ ಗ್ರಂಥಿಯಾದರೆ ಮಾತ್ರೆಯ ಮಾತು ಕೇಳಿ ಸುಮ್ಮನಾಗುತ್ತದೆ, ಗಡ್ಡೆ ಕೇಳುವುದಿಲ್ಲ. ಮುಖ ದುಂಡಗಾಗುವುದು, ಹೊಟ್ಟೆಯ ಮೇಲೆ ನೇರಳೆ ಗೆರೆ ಬೀಳುವುದು, ಸ್ವಲ್ಪ ತಾಗಿದರೂ ಚರ್ಮ ಕಂದುವುದು ಕಾರ್ಟಿಸಾಲ್ ಹೆಚ್ಚಾದುದರ ಲಕ್ಷಣ. ನಮ್ಮ ಕಡೆ ಇನ್ನೊಂದು ಮಾತನ್ನೂ ಕೇಳಲೇಬೇಕು. ಮಂಡಿನೋವಿಗೋ ದಮ್ಮಿಗೋ ಹೆಸರಿಲ್ಲದ ಪುಡಿ, ಗುಳಿಗೆ, ಇಂಜೆಕ್ಷನ್ ತೆಗೆದುಕೊಂಡವರ ಮುಖವೂ ಹೀಗೆಯೇ ಊದುತ್ತದೆ. ಅದರಲ್ಲಿ ಸ್ಟೆರಾಯ್ಡ್ ಬೆರೆತಿದ್ದರೆ ತಪ್ಪು ಗ್ರಂಥಿಯದಲ್ಲ.

ಬಿಪಿ ಇದ್ದವರಲ್ಲಿ ಆಲ್ಡೋಸ್ಟಿರಾನ್ ಮತ್ತು ರೆನಿನ್ ಎಂಬ ಎರಡರ ಪ್ರಮಾಣವನ್ನು ಹೋಲಿಸಿ ನೋಡುತ್ತಾರೆ. ಆಲ್ಡೋಸ್ಟಿರಾನ್ ಸುರಿಸುವ ಗಡ್ಡೆಯನ್ನು ಅಮೆರಿಕದ ಜೆರೋಮ್ ಕಾನ್ 1955ರಲ್ಲಿ ವಿವರಿಸಿದ್ದರಿಂದ ಆ ಕಾಯಿಲೆಗೆ ಅವರದೇ ಹೆಸರಿದೆ. ಮೂರು ಮಾತ್ರೆ ನುಂಗಿದರೂ ಇಳಿಯದ ಬಿಪಿ, ಪೊಟ್ಯಾಸಿಯಂ ಕಡಿಮೆಯಾಗಿ ಕಾಲು ಸೆಳೆತ, ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು ಇದರ ಗುರುತು. ಇಲ್ಲೊಂದು ಸೂಕ್ಷ್ಮವಿದೆ. ಸ್ಕ್ಯಾನಿನಲ್ಲಿ ಎಡಕ್ಕೆ ಗಡ್ಡೆ ಕಂಡಿರಬಹುದು, ಹಾರ್ಮೋನು ಸುರಿಸುವ ಕಳ್ಳ ಬಲಗಡೆ ಕೂತಿರಬಹುದು. ಅದಕ್ಕೇ ತೊಡೆಸಂದಿಯ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ, ಎರಡೂ ಗ್ರಂಥಿಗಳ ಅಭಿಧಮನಿಯಿಂದ ರಕ್ತ ತೆಗೆದು ಹೋಲಿಸುತ್ತಾರೆ. ಎರಡೂ ಕಡೆ ಹೆಚ್ಚಿದ್ದರೆ ಆಪರೇಷನ್ನಿನ ಮಾತಿಲ್ಲ, ಅದಕ್ಕೆ ಮಾತ್ರೆಗಳೇ ಸಾಕು.

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಮೆಟಾನೆಫ್ರಿನ್. ಅಡ್ರಿನಲಿನ್ ಸುರಿಸುವ ಗಡ್ಡೆಯನ್ನು ಅದು ಹಿಡಿಯುತ್ತದೆ. ಆ ಗಡ್ಡೆಯ ಹೆಸರು ಫಿಯೋಕ್ರೋಮೋಸೈಟೋಮಾ. ಅದು ಇಲ್ಲವೆಂದು ಖಾತ್ರಿಯಾಗುವವರೆಗೆ ಅಡ್ರಿನಲ್ ಗಡ್ಡೆಗೆ ಸೂಜಿ ಚುಚ್ಚಿ ಚೂರು ತೆಗೆಯುವಂತಿಲ್ಲ. ಚುಚ್ಚಿದರೆ ಅಡ್ರಿನಲಿನ್ ರಕ್ತಕ್ಕೆ ನುಗ್ಗಿ ಬಿಪಿ ಗಗನಕ್ಕೇರೀತು.

ಎರಡೂ ಗ್ರಂಥಿಗಳು ಊದಿದ್ದರೆ ನಮ್ಮ ದೇಶದಲ್ಲಿ ಕ್ಷಯ ಅಥವಾ ಹಿಸ್ಟೊಪ್ಲಾಸ್ಮೋಸಿಸ್ ಎಂಬ ಶಿಲೀಂಧ್ರದ ಸೋಂಕನ್ನೂ ನೆನೆಯಬೇಕು. ಅವಕ್ಕೆ ಬೇಕಾದದ್ದು ಔಷಧಿ. ಗಡ್ಡೆಯೆಂದು ಭ್ರಮಿಸಿ ಎರಡೂ ಗ್ರಂಥಿ ತೆಗೆದುಬಿಟ್ಟರೆ ರೋಗಿ ಬದುಕಿರುವಷ್ಟು ಕಾಲ ಸ್ಟೆರಾಯ್ಡ್ ನುಂಗುತ್ತಿರಬೇಕು.

ತಾಯಿ ಹೇಳಿದ್ದು, ಮಗ ಹೇಳಿದ್ದು

ಮರುದಿನ ನಾನೇ ಅವರ ಮನೆಗೆ ಹೋದೆ. "ವೈದ್ಯರಿಗೆ ಏನು ಹೇಳಿದೆ?" ಎಂದು ಮಗನನ್ನು ಕೇಳಿದೆ. "ಆಈಲಾ ಬೀಪೀ ಆಹೆ ಅಂತ ಹೇಳೇನ್ರಿ" ಎಂದ. ಅಮ್ಮನಿಗೆ ಬಿಪಿ ಇದೆ, ಅಷ್ಟೇ. ತಾಯಿಗೆ ಮರಾಠಿ ಬರುವುದಿಲ್ಲ, ವೈದ್ಯರಿಗೆ ಕನ್ನಡ ಬರುವುದಿಲ್ಲ, ನಡುವೆ ಮಗನ ಅವಸರದ ಅನುವಾದ. "ಅಕ್ಕಾರ, ನಿಮಗ ಏನೇನ ಆಗತೈತಿ, ಪೂರಾ ಹೇಳ್ರಿ" ಎಂದೆ. ಆಕೆ ಸೆರಗು ಸರಿಮಾಡಿಕೊಂಡು ಕೂತರು.

"ಅಣ್ಣಾರ, ಬಗ್ಗಿ ಕಸಾ ಹೊಡಿಯೂ ಮುಂದ ಒಮ್ಮಿಂದೊಮ್ಮೆಲೆ ತಲಿ ಸಿಡಿತೈತ್ರಿ. ಎದಿ ಡವಡವ ಅಂತೈತಿ. ಮೈಯೆಲ್ಲಾ ಬೆವರು, ಕೈಕಾಲು ತಣ್ಣಗ. ಜೀವ ಹೋತಂದ್ರ ಹೋತು ಅನಸತೈತಿ. ಹತ್ತು ಹದಿನೈದು ಮಿನಿಟಿಗೆ ಎಲ್ಲಾ ಸುಮ್ಮನಾಗತೈತಿ. ದೃಷ್ಟಿ ಆಗೇತಂತ ಊರಾಗ ಉಪ್ಪು ನಿವಾಳಿಸಿದ್ರು."

ತಲೆನೋವು, ಎದೆಬಡಿತ, ಬೆವರು. ಫಿಯೋಕ್ರೋಮೋಸೈಟೋಮಾದ ಮೂರು ಹೆಗ್ಗುರುತುಗಳನ್ನು ಆಕೆ ಒಂದೇ ಉಸಿರಿನಲ್ಲಿ ಹೇಳಿದ್ದರು. ಬಗ್ಗಿದಾಗ ಹೊಟ್ಟೆ ಒತ್ತಿ, ಗಡ್ಡೆ ಹಿಂಡಿದಂತಾಗಿ ಅಡ್ರಿನಲಿನ್ ಚಿಮ್ಮುವುದನ್ನೂ ತಮ್ಮ ಮಾತಿನಲ್ಲೇ ವಿವರಿಸಿದ್ದರು. ಅದನ್ನೆಲ್ಲ ಬರೆದು, ಮರಾಠಿಗೆ ತಿರುಗಿಸಿ, ಮಗನ ಕೈಗೆ ಕೊಟ್ಟೆ. ಹಾರ್ಮೋನು ತಜ್ಞರು ಆ ಚೀಟಿ ಓದಿದ ಕೂಡಲೇ ಮೆಟಾನೆಫ್ರಿನ್ ಪರೀಕ್ಷೆ ಬರೆದರು. ಅರ್ಧ ಗಂಟೆ ಅಂಗಾತ ಮಲಗಿಸಿ ರಕ್ತ ತೆಗೆದರು. ಅಂಕ ಹಲವು ಪಟ್ಟು ಹೆಚ್ಚಿತ್ತು.

ಎರಡು ವಾರದ ಸಿದ್ಧತೆ

ಗಡ್ಡೆ ಇದೆಯೆಂದು ಗೊತ್ತಾದ ಮೇಲೆ ನಾಳೆಯೇ ತೆಗೆಸಿಬಿಡೋಣ ಎನ್ನುವುದು ಮನೆಯವರ ಸಹಜ ಆತುರ. ಈ ಕಾಯಿಲೆಯಲ್ಲಿ ಆ ಆತುರ ಸಲ್ಲದು. ಗಡ್ಡೆಯನ್ನು ಮುಟ್ಟಿದರೆ ಸಾಕು, ಬಿಪಿ ಮುನ್ನೂರರ ಹತ್ತಿರ ಹೋಗಬಹುದು. ತೆಗೆದ ಮರುಕ್ಷಣ ಅಷ್ಟೇ ವೇಗವಾಗಿ ಕುಸಿಯಬಹುದು.

ಅದಕ್ಕಾಗಿ ಆಪರೇಷನ್ನಿಗೆ ಒಂದೆರಡು ವಾರ ಮೊದಲೇ ಆಲ್ಫಾ ಬ್ಲಾಕರ್ ಎಂಬ ಗುಂಪಿನ ಮಾತ್ರೆ ಶುರುಮಾಡುತ್ತಾರೆ. ಪ್ರಜೋಸಿನ್, ಡಾಕ್ಸಜೋಸಿನ್, ಫಿನಾಕ್ಸಿಬೆಂಜಮೀನ್ ಈ ಗುಂಪಿನವು. ಬಿಗಿದುಕೊಂಡಿರುವ ರಕ್ತನಾಳಗಳನ್ನು ಇವು ನಿಧಾನವಾಗಿ ಸಡಿಲಿಸುತ್ತವೆ. ಎದೆಬಡಿತ ಹೆಚ್ಚಿದ್ದರೆ ಬೀಟಾ ಬ್ಲಾಕರ್ ಸೇರಿಸುತ್ತಾರೆ, ಅದೂ ಆಲ್ಫಾ ಮಾತ್ರೆ ಸರಿಯಾಗಿ ಹತ್ತಿದ ಮೇಲೆ. ಈ ಕ್ರಮ ತಿರುವುಮುರುವಾದರೆ ಅಪಾಯ. ಬೀಟಾ ಮೊದಲು ಬಿದ್ದರೆ ನಾಳಗಳನ್ನು ಹಿಗ್ಗಿಸುವ ಬಾಗಿಲು ಮುಚ್ಚುತ್ತದೆ, ಹಿಂಡುವ ಬಾಗಿಲು ತೆರೆದೇ ಇರುತ್ತದೆ. ಬಿಪಿ ಇನ್ನೂ ಏರುತ್ತದೆ.

ಸಡಿಲಾದ ನಾಳಗಳು ತುಂಬಬೇಕಾದರೆ ನೀರು ಬೇಕು, ಉಪ್ಪು ಬೇಕು. ಹತ್ತು ವರ್ಷದಿಂದ ಬಿಪಿಯೆಂದು ಸಪ್ಪೆ ಊಟ ಮಾಡುತ್ತಿದ್ದ ಅಕ್ಕಾರಿಗೆ ವೈದ್ಯರು ಉಪ್ಪು ಜಾಸ್ತಿ ತಿನ್ನಿ ಎಂದಾಗ ಅವರಿಗೆ ನಂಬಿಕೆಯೇ ಬರಲಿಲ್ಲ. ಮಗನನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಇದು ಈ ಒಂದು ಕಾಯಿಲೆಗೆ, ಔಷಧಿ ಶುರುವಾದ ಮೇಲೆ, ವೈದ್ಯರು ಹೇಳಿದಾಗ ಮಾತ್ರ ಅನ್ವಯಿಸುವ ಸಲಹೆ. ಬಿಪಿ ಇರುವ ಬೇರೆ ಯಾರೂ ಇದನ್ನು ಓದಿ ಉಪ್ಪಿನ ಡಬ್ಬಿಗೆ ಕೈಹಾಕಬಾರದು.

ಕಾನ್ ಕಾಯಿಲೆಯಾದರೆ ಸಿದ್ಧತೆ ಬೇರೆ: ಪೊಟ್ಯಾಸಿಯಂ ಸರಿಪಡಿಸಬೇಕು, ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆಯಿಂದ ಬಿಪಿ ಹತೋಟಿಗೆ ತರಬೇಕು. ಕಾರ್ಟಿಸಾಲ್ ಗಡ್ಡೆಯಾದರೆ ಸಕ್ಕರೆ ಸರಿಯಾಗಬೇಕು, ಆಪರೇಷನ್ ದಿನದಿಂದಲೇ ಸ್ಟೆರಾಯ್ಡ್ ಆಸರೆ ಸಿದ್ಧವಿರಬೇಕು.

ಈಗ ದಾರಿಯ ಮಾತು

ಅಡ್ರಿನಲ್ ಇರುವುದು ಹೊಟ್ಟೆಯ ಒಳಚೀಲದ ಹಿಂದೆ, ಬೆನ್ನಿನ ಕೊನೆಯ ಪಕ್ಕೆಲುಬುಗಳ ಆಳದಲ್ಲಿ. ನಮ್ಮ ಹಳೆಯ ಮನೆಗಳ ಕತ್ತಲೆ ಕೋಣೆಯಂತೆ ಅದರ ಜಾಗ. ಹೆಬ್ಬಾಗಿಲಿನಿಂದ ಹೋದರೆ ಎಲ್ಲ ಅಂಕಣಗಳನ್ನೂ ದಾಟಬೇಕು, ಹಿತ್ತಲ ಬಾಗಿಲಿನಿಂದ ಹೋದರೆ ಹತ್ತಿರ.

ಮೊದಲ ಕಾಲದ ಶಸ್ತ್ರವೈದ್ಯರಿಗೆ ಇದ್ದದ್ದು ದೊಡ್ಡ ಕೊಯ್ತ ಮಾತ್ರ. 1926ರಲ್ಲಿ ಸ್ವಿಟ್ಜರ್ಲೆಂಡಿನ ಸೀಜರ್ ರೂ, ಅದೇ ವರ್ಷ ಅಮೆರಿಕದ ಚಾರ್ಲ್ಸ್ ಮೇಯೊ ಫಿಯೋಕ್ರೋಮೋಸೈಟೋಮಾವನ್ನು ಯಶಸ್ವಿಯಾಗಿ ತೆಗೆದರು. ಇಂದಿನ ಮಾತ್ರೆಗಳೂ ಪರೀಕ್ಷೆಗಳೂ ಇಲ್ಲದ ಆ ದಿನಗಳಲ್ಲಿ ರೋಗಿಗಳು ಬದುಕಿದ್ದೇ ದೊಡ್ಡ ಸಂಗತಿ. ಪಕ್ಕೆಲುಬಿನ ಕೆಳಗೆ ಉದ್ದಕ್ಕೆ ಕೊಯ್ದು, ಕರುಳು ಸರಿಸಿ, ಯಕೃತ್ತು ಎತ್ತಿ ಆಳಕ್ಕೆ ಇಳಿಯಬೇಕಿತ್ತು. ಐದು ಗ್ರಾಮಿನ ಗ್ರಂಥಿಗೆ ಅಷ್ಟು ದೊಡ್ಡ ಗಾಯ.

1992ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಮಿಶೆಲ್ ಗಾಗ್ನೆ ಮತ್ತು ಸಂಗಡಿಗರು ಲ್ಯಾಪರೋಸ್ಕೋಪಿಯಿಂದ ಅಡ್ರಿನಲ್ ತೆಗೆದ ವರದಿ ಪ್ರಕಟಿಸಿದರು. ನಮ್ಮ ಪುಣೆಯ ಜನ ದುರ್ಬೀನ ಆಪರೇಶನ್ ಎನ್ನುವುದು ಇದನ್ನೇ. ರೋಗಿಯನ್ನು ಗಡ್ಡೆಯಿಲ್ಲದ ಮಗ್ಗುಲಿಗೆ ಮಲಗಿಸಿ, ಪಕ್ಕೆಲುಬಿನ ಅಂಚಿನಲ್ಲಿ ಮೂರೋ ನಾಲ್ಕೋ ಸಣ್ಣ ರಂಧ್ರ ಮಾಡಿ, ಇಂಗಾಲದ ಡೈಆಕ್ಸೈಡ್ ತುಂಬಿ ಹೊಟ್ಟೆ ಉಬ್ಬಿಸುತ್ತಾರೆ. ಮಗ್ಗುಲಾಗಿ ಮಲಗಿಸುವುದರಲ್ಲಿ ಜಾಣತನವಿದೆ. ಕರುಳು, ಗುಲ್ಮ, ಮೇದೋಜೀರಕಾಂಗದ ತುದಿ ತಮ್ಮ ಭಾರಕ್ಕೆ ತಾವೇ ಕೆಳಗೆ ಜಾರಿ ದಾರಿ ಬಿಡುತ್ತವೆ. ಜಗತ್ತಿನಲ್ಲಿ ಇಂದಿಗೂ ಹೆಚ್ಚು ಬಳಕೆಯಲ್ಲಿರುವುದು ಈ ದಾರಿ.

ಎಡ ಬಲಗಳ ವ್ಯತ್ಯಾಸವನ್ನು ಇಲ್ಲಿ ಹೇಳಲೇಬೇಕು. ಎಡ ಗ್ರಂಥಿಯ ಅಭಿಧಮನಿ ಉದ್ದವಾಗಿ ಬಂದು ಮೂತ್ರಪಿಂಡದ ಅಭಿಧಮನಿಗೆ ಸೇರುತ್ತದೆ. ಬಲದ್ದು ತೀರ ಮೋಟು, ನೇರವಾಗಿ ದೇಹದ ದೊಡ್ಡ ಮಹಾಅಭಿಧಮನಿಗೇ ಸೇರುತ್ತದೆ. ಅಲ್ಲಿ ಎಳೆತ ಒಂದಿಷ್ಟು ಹೆಚ್ಚಾದರೆ ದೊಡ್ಡ ನಾಳವೇ ಹರಿದು ರಕ್ತ ಉಕ್ಕೀತು. ಮೇಲಿನಿಂದ ಯಕೃತ್ತು ಮುಚ್ಚಿಕೊಂಡಿರುತ್ತದೆ, ಅದನ್ನು ಬಿಡಿಸಿ ಎತ್ತಿ ಹಿಡಿಯಬೇಕು.

ಹಿತ್ತಲ ಬಾಗಿಲನ್ನು ದುರ್ಬೀನಿನಿಂದ ತೆರೆದು ಪಳಗಿಸಿದವರಲ್ಲಿ ಜರ್ಮನಿಯ ಎಸ್ಸೆನ್ ನಗರದ ಮಾರ್ಟಿನ್ ವಾಲ್ಟ್ಸ್ ಪ್ರಮುಖರು. 1990ರ ದಶಕದಲ್ಲಿ ಅವರು ಇದನ್ನು ರೂಢಿಗೆ ತಂದರು. ರೋಗಿಯನ್ನು ಬೋರಲಾಗಿ, ಸೊಂಟ ಮಂಡಿ ಮಡಿಸಿ ಮಲಗಿಸಿ, ಕೊನೆಯ ಪಕ್ಕೆಲುಬಿನ ಕೆಳಗೆ ಮೂರು ರಂಧ್ರ ಮಾಡಿ ನೇರವಾಗಿ ಗ್ರಂಥಿಗೆ ಹೋಗುತ್ತಾರೆ. ಹೊಟ್ಟೆಯ ಚೀಲವನ್ನು ತೆರೆಯುವುದೇ ಇಲ್ಲ. ಹಿಂದೆ ಹೊಟ್ಟೆಯ ಆಪರೇಷನ್ ಆಗಿ ಒಳಗೆ ಅಂಟಿಕೊಂಡಿರುವವರಿಗೆ ಇದು ವರ. ಎರಡೂ ಕಡೆ ತೆಗೆಯಬೇಕಾದಾಗ ಮಗ್ಗುಲು ಬದಲಿಸಬೇಕಿಲ್ಲ. ಜಾಗ ಮಾತ್ರ ಇಕ್ಕಟ್ಟು. ದೊಡ್ಡ ಗಡ್ಡೆಗೆ, ತುಂಬಾ ದಪ್ಪ ಮೈಯವರಿಗೆ ಇದು ಒಗ್ಗದು.

ರೋಬೋಟ್ ಎಂದರೆ ಯಂತ್ರವೇ ಆಪರೇಷನ್ ಮಾಡುತ್ತದೆ ಎಂದು ಹಲವರು ತಿಳಿದಿದ್ದಾರೆ. ಕೈ ವೈದ್ಯರದೇ. ಮಣಿಕಟ್ಟಿನಂತೆ ತಿರುಗುವ ಉಪಕರಣ, ಆಳ ಕಾಣಿಸುವ ಚಿತ್ರ ಅವರಿಗೆ ಸಿಗುತ್ತವೆ. ಗ್ರಂಥಿಯ ಒಂದು ಭಾಗ ಉಳಿಸಿ ಗಡ್ಡೆ ಮಾತ್ರ ತೆಗೆಯುವಂಥ ನಾಜೂಕು ಕೆಲಸದಲ್ಲಿ ಅದರಿಂದ ಅನುಕೂಲ. ಖರ್ಚು ಹೆಚ್ಚು. ಸಾಮಾನ್ಯ ಗಡ್ಡೆಗೆ ಪಳಗಿದ ಕೈಯ ಲ್ಯಾಪರೋಸ್ಕೋಪಿ ಸಾಕು. ರೋಬೋಟಿಗಾಗಿ ಸಾಲ ಮಾಡಬೇಕಿಲ್ಲ, ಅದಿಲ್ಲವೆಂದು ಕೊರಗಲೂ ಬೇಕಿಲ್ಲ.

ದೊಡ್ಡ ಕೊಯ್ತದ ಹಳೆಯ ದಾರಿ ಇಂದಿಗೂ ಬೇಕು. ಕ್ಯಾನ್ಸರ್ ಅನುಮಾನ ಬಲವಾಗಿದ್ದು ಗಡ್ಡೆ ಸುತ್ತಲಿನ ಅಂಗಗಳಿಗೆ ಅಥವಾ ರಕ್ತನಾಳಕ್ಕೆ ಕೈಚಾಚಿದ್ದರೆ ತೆರೆದೇ ತೆಗೆಯಬೇಕು. ಆ ಗಡ್ಡೆಯ ಸಿಪ್ಪೆ ಒಡೆದರೆ ಕ್ಯಾನ್ಸರ್ ಕಣಗಳು ಹೊಟ್ಟೆಯೊಳಗೆಲ್ಲ ಚೆಲ್ಲುತ್ತವೆ. ಇಡಿಯಾಗಿ, ಸುತ್ತಲಿನ ಕೊಬ್ಬಿನ ಸಮೇತ ಹೊರಬರುವುದೇ ರೋಗಿಗೆ ಸಿಗುವ ಅತಿ ದೊಡ್ಡ ಅವಕಾಶ. ಅಂಥಲ್ಲಿ ಸಣ್ಣ ರಂಧ್ರಕ್ಕೆ ಹಟ ಹಿಡಿಯುವುದು ರೋಗಿಗೆ ಮಾಡುವ ಅನ್ಯಾಯ. ರಂಧ್ರದಿಂದ ಶುರುಮಾಡಿ ನಡುವೆ ರಕ್ತಸ್ರಾವವಾದಾಗ ಕೊಯ್ತಕ್ಕೆ ಬದಲಾಯಿಸಿದರೆ ಅದನ್ನು ವೈದ್ಯರ ಸೋಲೆಂದು ಭಾವಿಸಬೇಡಿ. ಅದು ವಿವೇಕ.

ತೆಗೆದ ಮೇಲೆ

ಅಕ್ಕಾರಿಗೆ ಮಗ್ಗುಲಿನ ದುರ್ಬೀನ ದಾರಿ ಆರಿಸಿದರು. ಅಭಿಧಮನಿಗೆ ಕ್ಲಿಪ್ ಹಾಕಿದೊಡನೆ ಬಿಪಿ ಇಳಿಯಿತಂತೆ. ಅದನ್ನು ಎತ್ತಿ ಹಿಡಿಯಲು ಅರಿವಳಿಕೆ ತಜ್ಞರು ಔಷಧಿ ಸಿದ್ಧವಿಟ್ಟುಕೊಂಡಿದ್ದರು. ಈ ಆಪರೇಷನ್ನಿನಲ್ಲಿ ಶಸ್ತ್ರವೈದ್ಯರಷ್ಟೇ ಭಾರ ಅರಿವಳಿಕೆ ತಜ್ಞರ ಹೆಗಲ ಮೇಲಿದೆ ಎಂಬುದನ್ನು ಮನೆಯವರು ನೆನಪಿಡಬೇಕು. ಒಂದು ರಾತ್ರಿ ಐಸಿಯು, ರಕ್ತದ ಸಕ್ಕರೆ ಕುಸಿಯದಂತೆ ಕಾವಲು, ಮೂರನೆಯ ದಿನ ಮನೆಗೆ.

ಗಡ್ಡೆಗೆ ತಕ್ಕಂತೆ ಫಲವೂ ಬೇರೆ. ಕಾನ್ ಗಡ್ಡೆ ತೆಗೆದವರಲ್ಲಿ ಹಾರ್ಮೋನು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರಿಗೆ ಸರಿಹೋಗುತ್ತದೆ, ಮಾತ್ರೆಯೇ ಬೇಡವಾಗುವಷ್ಟು ಬಿಪಿ ಇಳಿಯುವುದು ಸುಮಾರು ಮೂರರಲ್ಲೊಬ್ಬರಿಗೆ. ಉಳಿದವರಲ್ಲೂ ಬಹಳ ಜನಕ್ಕೆ ಮಾತ್ರೆ ಕಡಿಮೆಯಾಗುತ್ತದೆ. ಕಾರ್ಟಿಸಾಲ್ ಗಡ್ಡೆ ತೆಗೆದರೆ, ಅಷ್ಟು ದಿನ ನಿದ್ದೆ ಹೋಗಿದ್ದ ಇನ್ನೊಂದು ಗ್ರಂಥಿ ಏಳಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಸ್ಟೆರಾಯ್ಡ್ ಮಾತ್ರೆಯನ್ನು ಒಂದು ದಿನವೂ ತಪ್ಪಿಸುವಂತಿಲ್ಲ. ಫಿಯೋಕ್ರೋಮೋಸೈಟೋಮಾ ಮರಳಿ ಬರಬಹುದಾದ್ದರಿಂದ ಕನಿಷ್ಠ 10 ವರ್ಷ, ವರ್ಷಕ್ಕೊಮ್ಮೆ ಪರೀಕ್ಷೆ ಬೇಕು. ಮೂವರಲ್ಲಿ ಒಬ್ಬರಿಗೆ ಇದು ವಂಶವಾಹಿಯ ಮೂಲಕ ಬಂದಿರುತ್ತದೆ. ಹಾಗಾಗಿ ಮಕ್ಕಳು, ಒಡಹುಟ್ಟಿದವರ ವಿಷಯವನ್ನೂ ವೈದ್ಯರೊಡನೆ ಮಾತಾಡಬೇಕು.

ಕೇಳಬೇಕಾದ್ದು

ಅಡ್ರಿನಲ್ ಆಪರೇಷನ್ ಅಪೆಂಡಿಕ್ಸಿನಂತೆ ದಿನವೂ ನಡೆಯುವಂಥದ್ದಲ್ಲ. ವರ್ಷಕ್ಕೆ 6 ಅಥವಾ ಹೆಚ್ಚು ಅಡ್ರಿನಲ್ ತೆಗೆಯುವ ವೈದ್ಯರ ಕೈಯಲ್ಲಿ ತೊಂದರೆಗಳು ಕಡಿಮೆ ಎಂದು ಅಮೆರಿಕದ ದೊಡ್ಡ ಅಧ್ಯಯನವೊಂದು 2018ರಲ್ಲಿ ತೋರಿಸಿತು. ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜುಗಳಲ್ಲಿ ನಿರ್ನಾಳ ಗ್ರಂಥಿಗಳ ಶಸ್ತ್ರಚಿಕಿತ್ಸೆಗೇ ಪ್ರತ್ಯೇಕ ವಿಭಾಗಗಳಿವೆ. ಆದ್ದರಿಂದ ಸಂಕೋಚಪಡದೆ ಕೇಳಿ: ಈ ಗಡ್ಡೆ ಏನು ಸುರಿಸುತ್ತಿದೆ? ಮೆಟಾನೆಫ್ರಿನ್ ನೋಡಿದಿರಾ? ತೆಗೆಯಲೇಬೇಕೇ? ವರ್ಷಕ್ಕೆ ನೀವು ಎಷ್ಟು ತೆಗೆಯುತ್ತೀರಿ? ಹಾರ್ಮೋನು ತಜ್ಞರು ಜೊತೆಗಿದ್ದಾರೆಯೇ? ಯಾವ ದಾರಿ, ಯಾಕೆ ಎಂಬುದನ್ನು ಆಮೇಲೆ ಕೇಳಿ. ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಹಣದ ಚಿಂತೆಯಿದ್ದರೆ ಆಯುಷ್ಮಾನ್ ಕಾರ್ಡ್ ಅಲ್ಲಿ ನಡೆಯುತ್ತದೆಯೇ, ಈ ಆಪರೇಷನ್ ಅದರಲ್ಲಿ ಸೇರಿದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ವಿಚಾರಿಸಿ.

ವಿಜಯಪುರ, ಕಲಬುರಗಿ, ಬೆಳಗಾವಿಯಿಂದ ಇಲ್ಲಿಗೆ ದುಡಿಯಲು ಬಂದು, ಊರಿನ ಅಪ್ಪ ಅವ್ವಂದಿರನ್ನು ತೋರಿಸಲು ಕರೆತರುವ ಮಕ್ಕಳಲ್ಲಿ ನನ್ನದೊಂದು ಕೋರಿಕೆ. ಆಸ್ಪತ್ರೆಗೆ ಹೊರಡುವ ಹಿಂದಿನ ರಾತ್ರಿ ಅರ್ಧ ತಾಸು ಅವರ ಬಳಿ ಕೂಡಿರಿ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿರಿ. ಬಿಪಿ ಎಂಬ ಎರಡಕ್ಷರಕ್ಕೆ ಇಳಿಸಬೇಡಿರಿ. ಯಾವ ಸ್ಕ್ಯಾನಿಗೂ ಕಾಣದ್ದು ಅವರ ಮಾತಿನಲ್ಲಿರಬಹುದು.

ಅಕ್ಕಾರ ಈಗ ಇಂಡಿಗೆ ಹೋಗಿದ್ದಾರೆ. ಹೋಗುವ ಮುನ್ನ ನಮ್ಮ ಮನೆಗೆ ಬಂದು, ಪಡಸಾಲೆಯಲ್ಲಿ ಬಿದ್ದಿದ್ದ ಹೂವಿನ ಎಸಳೊಂದನ್ನು ಬಗ್ಗಿ ಎತ್ತಿಕೊಂಡು ನೆಟ್ಟಗೆ ನಿಂತರು. "ನೋಡ್ರಿ ಅಣ್ಣಾರ, ಈಗ ಏನೂ ಆಗೂದಿಲ್ಲ" ಎಂದರು.